ಡರ್ಖೀಮ್ ಓದುವಾಗ ನಾವು ಬಿಟ್ಟ ಅಧ್ಯಾಯ

ಪತ್ರ: “ಸಂಘರ್ಷದಿಂದಲೇ ಸಮಾಜ ಬದಲಾಗುತ್ತದೆ ಎಂದು ಮಾರ್ಕ್ಸ್ ತೋರಿಸಿಕೊಟ್ಟ ಮೇಲೂ, ‘ಹೊಂದಿಕೊಂಡು ಹೋಗಿ’ ಎನ್ನುವ ಫ್ರೆಂಚ್ ಸಮಾಜಶಾಸ್ತ್ರಜ್ಞ ಡರ್ಖೀಮ್‌ನನ್ನು ನಮ್ಮ ಮಕ್ಕಳಿಗೆ ಯಾಕೆ ಓದಿಸಬೇಕು?” – ಸಮಾಜಶಾಸ್ತ್ರದ ಉಪನ್ಯಾಸಕರೊಬ್ಬರು

ಉತ್ತರ: ಮಾರ್ಕ್ಸ್ ವಿಷಯದಲ್ಲಿ ನಮ್ಮ ತಕರಾರಿಲ್ಲ. ಉತ್ಪಾದನಾ ಶಕ್ತಿಗಳು, ಅಂದರೆ ದುಡಿಮೆ, ಸಲಕರಣೆ, ತಂತ್ರಜ್ಞಾನ, ಬೆಳೆದಂತೆ ಹಳೆಯ ಆಸ್ತಿ ಸಂಬಂಧಗಳೇ ಅವುಗಳಿಗೆ ಸಂಕೋಲೆಯಾಗುತ್ತವೆ ಎಂದು ಆತ 1859ರಲ್ಲಿ ಬರೆದದ್ದು ಇಂದಿಗೂ ಗಟ್ಟಿ ಮಾತು. ಆದರೆ ಮೇಷ್ಟ್ರೇ, ‘ಹೊಂದಿಕೊಂಡು ಹೋಗಿ’ ಎಂದು ಡರ್ಖೀಮ್ ಹೇಳಿದ್ದೆಲ್ಲಿ?

1893ರಲ್ಲಿ ಬಂದ ಅವನ ಶ್ರಮ ವಿಭಜನೆಯ, ಅಂದರೆ ಸಮಾಜದಲ್ಲಿ ಕೆಲಸಗಳ ಹಂಚಿಕೆಯ, ಗ್ರಂಥವನ್ನೇ ತೆಗೆದುಕೊಳ್ಳಿ. ಸಮಾಜವನ್ನು ಒಟ್ಟಿಗೆ ಹಿಡಿದಿಡುವುದು ಯಾವುದು ಎಂಬುದು ಅಲ್ಲಿನ ಪ್ರಶ್ನೆ. ಆ ಒಗ್ಗಟ್ಟು ಕಣ್ಣಿಗೆ ಕಾಣುವ ವಸ್ತುವಲ್ಲ. ಹಾಗಾಗಿ ಆತ ಕಾನೂನನ್ನೇ ಅಳತೆಗೋಲು ಮಾಡಿಕೊಂಡ. ತಪ್ಪಿತಸ್ಥನನ್ನು ದಂಡಿಸುವ ಕಾನೂನುಗಳದ್ದು ಒಂದು ರಾಶಿ. ಕರಾರು, ವ್ಯಾಪಾರ, ಆಸ್ತಿ ವ್ಯಾಜ್ಯಗಳಲ್ಲಿ ಕೆಟ್ಟದ್ದನ್ನು ಸರಿಪಡಿಸುವ ಕಾನೂನುಗಳದ್ದು ಇನ್ನೊಂದು. ಮೊದಲ ರಾಶಿ ದೊಡ್ಡದಾಗಿದ್ದರೆ ಜನರನ್ನು ಕಟ್ಟಿಹಾಕಿರುವುದು ಒಂದೇ ಬಗೆಯ ನಂಬಿಕೆ. ಎರಡನೆಯದು ಬೆಳೆದಿದ್ದರೆ, ಒಬ್ಬರ ಕಸುಬು ಇನ್ನೊಬ್ಬರಿಗೆ ಬೇಕಾಗಿರುವುದೇ ಕಟ್ಟು. ಮೊದಲ ಬಗೆಯದನ್ನು ಆತ ಯಾಂತ್ರಿಕ ಒಗ್ಗಟ್ಟು ಎಂದ, ಎರಡನೆಯದನ್ನು ಸಾವಯವ ಒಗ್ಗಟ್ಟು ಎಂದ. ಅಳತೆಗೋಲು ಅಲ್ಲಲ್ಲಿ ಡೊಂಕು, ನಿಜ. ಸಣ್ಣ, ಸರಳ ಸಮಾಜಗಳಲ್ಲಿ ದಂಡಿಸುವ ಕಾನೂನೇ ಹೆಚ್ಚು ಎಂದು ಆತ ಎಣಿಸಿದ್ದ. ಆದರೆ ನ್ಯೂ ಗಿನಿ ಬಳಿಯ ಟ್ರೊಬ್ರಿಯಾಂಡ್ ದ್ವೀಪಗಳಲ್ಲಿ ಒಳನಾಡಿನವರು ಕೊಡುವ ಗೆಡ್ಡೆಗೆಣಸಿಗೆ ಕರಾವಳಿಯವರು ಮೀನು ಕೊಟ್ಟು ಋಣ ತೀರಿಸಲೇಬೇಕಿತ್ತು. ಇಂಥ ಕೊಡುಕೊಳೆಯ ಕಟ್ಟುಪಾಡು ಸಣ್ಣ ಸಮಾಜಗಳಲ್ಲೂ ಬಲವಾಗಿಯೇ ಇದೆ ಎಂದು ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1926ರಲ್ಲಿ ತೋರಿಸಿದ.

ನಮ್ಮ ಗೈಡುಗಳು ‘ಯಾಂತ್ರಿಕ, ಸಾವಯವ’ ಎಂದು ಎರಡು ಕಾಲಂ ಹಾಕಿ ಇಲ್ಲಿಗೇ ಮುಗಿಸುತ್ತವೆ. ಐದು ಅಂಕಕ್ಕೆ ಅಷ್ಟು ಸಾಕು. ಮೂರನೇ ಭಾಗದ ಎರಡನೇ ಅಧ್ಯಾಯ, ಬಲವಂತದ ಶ್ರಮ ವಿಭಜನೆಯ ಅಧ್ಯಾಯ, ಯಾರಿಗೂ ಬೇಡ. ಅಲ್ಲಿ ಆತ ಜಾತಿಯ ಹೆಸರೆತ್ತಿಯೇ ಮಾತಾಡುತ್ತಾನೆ. ಹುಟ್ಟು ನೋಡಿ ಕೆಲಸ ಹಂಚುವುದೂ ಶ್ರಮ ವಿಭಜನೆಯೇ. ಅದಕ್ಕೆ ನಿಯಮಗಳೂ ಬಿಗಿಯಾಗಿಯೇ ಇವೆ. ಆದರೂ ಅದು ಕೂಡಿಸುವುದಿಲ್ಲ, ಒಡೆಯುತ್ತದೆ. ಕೆಳಗಿನವರಿಗೆ ಮೇಲಿನವರ ಕೆಲಸ ಮಾಡುವ ಶಕ್ತಿ ಬಂದ ಮೇಲೂ ದಾರಿ ಮುಚ್ಚಿಟ್ಟರೆ ಜಗಳವಾಗದೆ ಇನ್ನೇನು? ಪ್ರಾಚೀನ ರೋಮಿನಲ್ಲಿ ಸಾಮಾನ್ಯ ಪ್ರಜೆಗಳಾದ ಪ್ಲೆಬಿಯನ್ನರು ಕುಲೀನರಾದ ಪೆಟ್ರೀಶಿಯನ್ನರ ಮೇಲೆ ತಿರುಗಿಬಿದ್ದದ್ದು ಹೀಗೆಯೇ ಎನ್ನುತ್ತಾನೆ.

ಇಷ್ಟಕ್ಕೇ ನಿಲ್ಲುವುದಿಲ್ಲ. ಇವತ್ತಿನ ಊಟಕ್ಕಾಗಿ ಸಿಕ್ಕ ಕೂಲಿಗೆ ಒಪ್ಪಲೇಬೇಕಾದವನು ಒಬ್ಬ, ಕೂಡಿಟ್ಟ ಆಸ್ತಿಯ ಬಲದಿಂದ ಕಾಯುತ್ತ ಕೂರಬಲ್ಲವನು ಇನ್ನೊಬ್ಬ. ಇವರಿಬ್ಬರೂ ಸಹಿ ಹಾಕಿದ ಕರಾರು ನ್ಯಾಯವಾದದ್ದಲ್ಲ. ಹುಟ್ಟಿನಿಂದಲೇ ಬಡವ ಬಲ್ಲಿದರಿರುವಲ್ಲಿ ಅನ್ಯಾಯದ ಕರಾರು ತಪ್ಪದು ಎಂದು ಬರೆಯುತ್ತಾನೆ. ಪಿತ್ರಾರ್ಜಿತ ಆಸ್ತಿಯ ಹಕ್ಕನ್ನೇ ಪ್ರಶ್ನಿಸಿದವನನ್ನು ಯಥಾಸ್ಥಿತಿವಾದಿ ಎಂದು ಮೂಲೆಗಿಟ್ಟದ್ದು ಪುಸ್ತಕ ತೆರೆಯದವರು. ಜಾತಿಯ ನಾಡಿನ ತರಗತಿಯಲ್ಲೇ ಜಾತಿಯ ಪುಟಗಳನ್ನು ಬಿಟ್ಟು ಪಾಠ ಮಾಡುತ್ತಿದ್ದೇವಲ್ಲ, ನಮಗೆ ಸಂಕಟವಾಗುವುದು ಅದಕ್ಕೆ.

ಆ ಅಧ್ಯಾಯ ಚಿಕ್ಕದು, ಮೇಷ್ಟ್ರೇ. ಎರಡು ಪೀರಿಯಡ್ ಸಾಕು.