ಋಣದ ಲೆಕ್ಕ ಬರೆದ ಅಕೌಂಟೆಂಟ್

ಸುಮಾ ಎಂದು ಕರೆಯೋಣ. ನಿಜವಾದ ಹೆಸರು ಅದಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ. "ಬರೀರಿ ಮೇಡಂ, ಆದ್ರೆ ನನ್ನನ್ನ ತೀರಾ ಪಾಪದವಳ ಥರ ತೋರಿಸ್ಬೇಡಿ" ಎಂದು ಒಂದೇ ಷರತ್ತು ಹಾಕಿದರು.

ನಾನು ಆಪ್ತಸಲಹೆಗಾರ್ತಿ. ಅವರು ಮೊದಲ ಸಲ ಬಂದಿದ್ದು 2024ರ ಜನವರಿ ಕೊನೆಯಲ್ಲಿ. ವಯಸ್ಸು 33. ಪೀಣ್ಯದಲ್ಲಿ ನಲವತ್ತು ಜನ ಕೆಲಸ ಮಾಡುವ ಒಂದು ಸಣ್ಣ ಕಾರ್ಖಾನೆಯ ಅಕೌಂಟೆಂಟ್. ನನ್ನ ಹತ್ತಿರ ಬಂದಿದ್ದು ಕೆಲಸದ ವಿಷಯಕ್ಕಲ್ಲ, ಹೊಟ್ಟೆನೋವಿಗೆ. ಸ್ಕ್ಯಾನ್, ಎಂಡೋಸ್ಕೋಪಿ ಎಲ್ಲಾ ಆಗಿತ್ತು. ಏನೂ ಸಿಕ್ಕಿರಲಿಲ್ಲ. ನೋವು ಯಾವ ದಿನ ಬರುತ್ತದೆ ಎಂದು ಬರೆದಿಡಿ ಅಂತ ಡಾಕ್ಟರ್ ಹೇಳಿದ್ದರಂತೆ. ಬರೆದು ನೋಡಿದರೆ ಪ್ರತಿ ತಿಂಗಳೂ 9, 10, 11. ಆಮೇಲೆ 18, 19, 20. ಆ ಚೀಟಿ ಓದಿ ಡಾಕ್ಟರ್ ನಮ್ಮ ವಿಳಾಸ ಕೊಟ್ಟು ಕಳಿಸಿದ್ದರು.

ಲೆಕ್ಕ ಬರೆಯುವವರಿಗೆ ಈ ತಾರೀಖು ನೋಡಿದರೇ ಗೊತ್ತಾಗುತ್ತದೆ. 11ಕ್ಕೆ ಜಿಎಸ್‌ಟಿಯ ಮಾರಾಟದ ವಿವರ, ಜಿಎಸ್‌ಟಿಆರ್-1 ಹಾಕಬೇಕು. 20ಕ್ಕೆ ತೆರಿಗೆ ಲೆಕ್ಕದ ರಿಟರ್ನ್, 3ಬಿ.

ರಿಟರ್ನ್ ಹಾಕುವುದು ಅವರಿಗೆ ಕಷ್ಟವೇ ಆಗಿರಲಿಲ್ಲ. ಕಷ್ಟ ಓನರ್‌ದು. ಬಿಲ್‌ಗಳನ್ನೆಲ್ಲ ತಮ್ಮ ಕಾರಿನಲ್ಲೇ ಇಟ್ಟುಕೊಂಡಿರುತ್ತಿದ್ದರು. ಕೇಳಿದರೆ "ಕೊಡ್ತೀನಿ ಹೋಗಮ್ಮ". ಕೊನೆಯ ದಿನ ಸಂಜೆ ಏಳು ಗಂಟೆಗೆ ಒಂದು ಪ್ಲಾಸ್ಟಿಕ್ ಕವರ್ ತಂದು ಮೇಜಿನ ಮೇಲೆ ಸುರಿಯುತ್ತಿದ್ದರು. ಪೋರ್ಟಲ್ ನಿಧಾನ, ಒಂದು ದಿನ ತಡವಾಯಿತು ಅನ್ನಿ, ಲೇಟ್ ಫೀ ದಿನಕ್ಕೆ 50 ರೂಪಾಯಿ. ಆ 50 ರೂಪಾಯಿಗೆ ಕೆಳಗೆ ಲೇತ್ ಓಡಿಸುವವರಿಗೂ ಕೇಳುವ ಹಾಗೆ ಬೈಗುಳ. ರಾತ್ರಿ ಹನ್ನೊಂದಕ್ಕೆ ಫೋನ್. ಎತ್ತದಿದ್ದರೆ ಗಂಡನ ಫೋನಿಗೆ ಫೋನ್.

ಬೆಳಿಗ್ಗೆ ಪೀಣ್ಯ ಇಂಡಸ್ಟ್ರಿ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದು ಪ್ಲಾಟ್‌ಫಾರಂ ಬೆಂಚಿನ ಮೇಲೆ ಹತ್ತು ನಿಮಿಷ ಕೂರುತ್ತಿದ್ದರಂತೆ. "ಯಾಕೆ?" ಎಂದೆ. "ಕಾಲು ಏಳಲ್ಲ ಮೇಡಂ. ಎರಡು ಟ್ರೈನ್ ಹೋಗ್ಲಿ ಅಂತ ಕಾಯ್ತೀನಿ. ಮೂರನೇದು ಬರೋಷ್ಟರಲ್ಲಿ ಏಳ್ತೀನಿ."

ಇಂಥವರು ಬಂದಾಗ ನಾನು ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತೇನೆ. ಮೈ ಮುಟ್ಟುವುದು, ಅಸಹ್ಯವಾಗಿ ಮಾತಾಡುವುದು ಏನಾದರೂ ಇದೆಯಾ? ಇದ್ದರೆ ದಾರಿಯೇ ಬೇರೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತು ಜನ ಇರುವ ಜಾಗದಲ್ಲೂ ದೂರು ಕೇಳಲು ಒಂದು ಸಮಿತಿ ಇರಲೇಬೇಕು. ಸುಮಾ ವಿಷಯದಲ್ಲಿ ಅಂಥ ಕಿರುಕುಳ ಇರಲಿಲ್ಲ. ಎರಡನೆಯದು, ಸಾಯಬೇಕು ಅನ್ನಿಸಿದೆಯಾ? ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸಾಯಬೇಕು ಅಂತಲ್ಲ. ಆಕ್ಸಿಡೆಂಟ್ ಆಗಿ ಆಸ್ಪತ್ರೆಗೆ ಸೇರಿದ್ರೆ ಒಂದು ತಿಂಗಳು ಹೋಗೋದು ತಪ್ಪುತ್ತಲ್ಲ ಅಂತ." ಈ ಮಾತನ್ನು ನಾನು ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ಹಗುರವಾಗಿ ಬಿಡುವ ಮಾತಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅವರ ಫೋನಿನಲ್ಲಿ ನನ್ನೆದುರೇ ಹಾಕಿಸಿದೆ. ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ವಾರಕ್ಕೊಂದು ಸಲ ಬರುವುದಕ್ಕೂ ಒಪ್ಪಿಸಿದೆ.

ಇಷ್ಟೆಲ್ಲಾ ಇದ್ದೂ ಯಾಕೆ ಬಿಡುತ್ತಿಲ್ಲ? ಇಎಂಐ ಇರಬೇಕು ಅಂದುಕೊಂಡೆ. ಇತ್ತು ಕೂಡ. ಗಂಡ "ಇನ್ನೊಂದು ವರ್ಷ ಅಡ್ಜಸ್ಟ್ ಮಾಡ್ಕೋ" ಅಂದಿದ್ದರು. ಅತ್ತೆ ಮಾತ್ರ "ದುಡಿಯೋ ಜೀವನೇ ಹೋದ್ರೆ ನಿನ್ ಇಎಂಐ ಯಾರು ಕಟ್ತಾರೋ" ಎಂದು ಮಗನಿಗೆ ಬೈದಿದ್ದರಂತೆ. ನಾನು ಎರಡು ಸೆಷನ್ ಪೂರ್ತಿ ಗಂಡ, ಮನೆ, ಸಾಲ ಎಂದು ಕೆದಕಿದೆ. ಅದು ನನ್ನ ತಪ್ಪು. ಗಂಟು ಅಲ್ಲಿರಲೇ ಇಲ್ಲ.

ಮೂರನೇ ಸಲ ಅವರೇ ಬಾಯಿ ಬಿಟ್ಟರು. 2020ರಲ್ಲಿ ಲಾಕ್‌ಡೌನ್ ಮುಗಿಯುತ್ತಿದ್ದ ಹಾಗೆ ಅವರ ತಂದೆಗೆ ಹಾರ್ಟ್ ಆಪರೇಷನ್ ಆಯಿತು. ದುಡ್ಡಿಗೆ ಎಲ್ಲಿ ಹೋಗುವುದು? ಇದೇ ಓನರ್ ಒಂದು ಕಾಗದಕ್ಕೂ ಸಹಿ ಹಾಕಿಸಿಕೊಳ್ಳದೆ 1,20,000 ರೂಪಾಯಿ ಕೊಟ್ಟಿದ್ದರು. "ನಮ್ಮಪ್ಪ ಇವತ್ತು ಊರಲ್ಲಿ ತೋಟಕ್ಕೆ ನೀರು ಬಿಡ್ತಿದಾರೆ ಅಂದ್ರೆ ಅವರಿಂದ. ಉಂಡ ಮನೆಗೆ ಎರಡು ಬಗೆಯೋದು ಹೇಗೆ ಮೇಡಂ?"

ಇದಕ್ಕೆ "ಅದೆಲ್ಲಾ ನಿಮ್ಮ ತಲೆಯಲ್ಲಿರೋದು, ಬಿಟ್ಟುಹಾಕಿ" ಎನ್ನುವುದು ಸುಲಭ. ಕೆಲವು ಆಪ್ತಸಲಹೆಗಾರರು ಹಾಗೆ ಹೇಳುತ್ತಾರೆ ಕೂಡ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ನಮ್ಮ ಕಡೆ ಋಣ ಅನ್ನುವುದು ಬರೀ ಮಾತಲ್ಲ. ಆ ಮನುಷ್ಯ ಕೊಟ್ಟಿದ್ದು ನಿಜ, ತಂದೆ ಬದುಕಿರುವುದೂ ನಿಜ. ಕೆಟ್ಟ ಬಾಸ್ ಅಂದರೆ ಎಲ್ಲ ಹೊತ್ತೂ ಕೆಟ್ಟವನು ಎಂದೇನಿಲ್ಲ. ಹಾಗಿದ್ದಿದ್ದರೆ ಬಿಡುವುದು ಎಷ್ಟು ಸಲೀಸು ಅಲ್ವಾ?

ಹಾಗಾಗಿ ಒಂದು ಕೆಲಸ ಕೊಟ್ಟೆ. "ನೀವು ಅಕೌಂಟೆಂಟ್. ಈ ಋಣಕ್ಕೆ ಒಂದು ಲೆಡ್ಜರ್ ಬರೆದುಕೊಂಡು ಬನ್ನಿ. ಒಂದು ಕಡೆ ಅವರು ಕೊಟ್ಟಿದ್ದು, ಇನ್ನೊಂದು ಕಡೆ ನೀವು ಕೊಟ್ಟಿದ್ದು."

ಮುಂದಿನ ವಾರ ಉದ್ದನೆಯ ಲೆಕ್ಕದ ಹಾಳೆ ತಂದರು. ಸ್ಕೇಲಿನಲ್ಲಿ ಗೆರೆ ಎಳೆದಿದ್ದರು. ಎಡಕ್ಕೆ 1,20,000, ದೀಪಾವಳಿ ಬೋನಸ್ ಎರಡು ಸಲ, ತಂಗಿ ಮದುವೆಗೆ ಸೀರೆ. ಬಲಕ್ಕೆ ತಿಂಗಳಿಗೆ 5,000ದಂತೆ 24 ತಿಂಗಳು ಸಂಬಳದಲ್ಲಿ ಹಿಡಿದಿದ್ದು. ಅಸಲು ಪೂರ್ತಿ. ಸಾಲ ತೀರಿ ಒಂದೂವರೆ ವರ್ಷವೇ ಆಗಿತ್ತು! ಅದರ ಕೆಳಗೆ ದುಡಿದ ಭಾನುವಾರಗಳು, 47. ವಾಟ್ಸಾಪ್ ಮೆಸೇಜ್ ಹಿಂದಕ್ಕೆ ಹೋಗಿ ನೋಡಿ ಎಣಿಸಿದ್ದರು. ಇಷ್ಟಾದರೂ ಬಲಗಡೆ ಕೊನೆಯಲ್ಲಿ ಪೆನ್ಸಿಲಿನಲ್ಲಿ "ಇನ್ನೂ ಬಾಕಿ?" ಎಂದು ಬರೆದಿತ್ತು.

ಆ ಪೆನ್ಸಿಲ್ ಸಾಲಿನ ಬಗ್ಗೆಯೇ ಒಂದು ಗಂಟೆ ಮಾತಾಡಿದೆವು. ದುಡ್ಡು ತೀರಿದೆ. ಉಪಕಾರದ ನೆನಪು ತೀರಬೇಕಾಗಿಲ್ಲ, ಅದು ಇದ್ದುಕೊಳ್ಳಲಿ. ಹಬ್ಬಕ್ಕೆ ಫೋನ್ ಮಾಡಿ, ಕಷ್ಟಕ್ಕೆ ಆಗಿಬನ್ನಿ. ಆದರೆ ಬೈಸಿಕೊಳ್ಳುವುದು ಯಾವ ಸಾಲದ ಕಂತು? ಅದನ್ನು ಎಷ್ಟು ವರ್ಷ ಕಟ್ಟಿದರೆ ತೀರುತ್ತದೆ? ಈ ಪ್ರಶ್ನೆಗೆ ಅವರು ಉತ್ತರ ಕೊಡಲಿಲ್ಲ. ಹೊರಡುವಾಗ ಹಾಳೆ ಮಡಚುತ್ತಾ, "ಬಡ್ಡಿ ಲೆಕ್ಕ ಹಾಕಿಲ್ಲ ನಾನು" ಎಂದರು. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ.

ಕೆಲಸ ಬಿಡಿ ಎಂದು ನಾನು ಹೇಳಲಿಲ್ಲ. ಹೇಳುವುದೂ ಇಲ್ಲ. ಬಿಡುವುದಾದರೆ ಹೇಗೆ, ಉಳಿಯುವುದಾದರೆ ಹೇಗೆ ಎಂದು ಎರಡನ್ನೂ ಮುಂದಿಟ್ಟೆ. ಮಾರ್ಚ್ ಮೊದಲ ವಾರ ಅವರೇ "ಹುಡುಕ್ತೀನಿ" ಎಂದರು. ಅಲ್ಲಿಂದಾಚೆ ಲೆಕ್ಕದ ಮಾತು ಜಾಸ್ತಿ.

ಕೆಲಸಕ್ಕೆ ಸೇರಿದ್ದು 2019ರ ಜೂನ್ 3ಕ್ಕೆ. ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಇಡುಗಂಟಿಗೆ, ಐದು ವರ್ಷ ತುಂಬಬೇಕು. ಐದನೇ ವರ್ಷದಲ್ಲಿ 240 ದಿನ ದುಡಿದಿದ್ದರೆ ಸಾಕು ಎನ್ನುವ ಕೋರ್ಟ್ ತೀರ್ಪುಗಳಿವೆ. ಆದರೆ ಸಣ್ಣ ಕಂಪನಿಯಲ್ಲಿ ಅದನ್ನು ಹಿಡಿದು ಜಗ್ಗಾಡುವ ಬದಲು ಇನ್ನು ಮೂರು ತಿಂಗಳು ತಡೆಯಬಹುದಾ ನೋಡಿ ಎಂದೆ. ಅವರ ಬೇಸಿಕ್ 18,000. ಅದನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಐದು ವರ್ಷಕ್ಕೆ ಹಾಕಿದರೆ ಸುಮಾರು 52,000 ರೂಪಾಯಿ. ನಾನು ಕ್ಯಾಲ್ಕುಲೇಟರ್ ಹುಡುಕುವಷ್ಟರಲ್ಲಿ ಅವರು ಬಾಯಲ್ಲೇ ಹೇಳಿದರು. ಹೊಟ್ಟೆನೋವು ಇನ್ನೂ ಜಾಸ್ತಿ ಇದ್ದಿದ್ದರೆ, ಆ ಆಕ್ಸಿಡೆಂಟಿನ ಮಾತು ಇನ್ನೊಂದು ಸಲ ಬಂದಿದ್ದರೆ, 52,000ಕ್ಕೆ ಕೈಮುಗಿದು ಇವತ್ತೇ ಬಿಡಿ ಎನ್ನುವುದನ್ನೂ ಚರ್ಚಿಸುತ್ತಿದ್ದೆವು. ಕೊನೆಯ ತಾರೀಖು ಗೊತ್ತಾದ ಮೇಲೆ ಬೆಂಚಿನ ಮೇಲೆ ಕೂರುವುದು ಹತ್ತು ನಿಮಿಷದಿಂದ ನಾಲ್ಕಕ್ಕೆ ಇಳಿದಿತ್ತು. ಹಾಗಾಗಿ ತಡೆದರು.

ಪಿಎಫ್ ವಿಷಯದಲ್ಲಿ ಎಲ್ಲರಿಗೂ ಹೇಳುವುದನ್ನೇ ಹೇಳಿದೆ. ಕೆಲಸ ಬಿಟ್ಟ ಖುಷಿಗೆ ದುಡ್ಡು ತೆಗೆಯಬೇಡಿ. ಅದೇ ಯುಎಎನ್, ಅಂದರೆ ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್ ಕೊಟ್ಟು ಹೊಸ ಕಡೆಗೆ ವರ್ಗ ಮಾಡಿಸಿ. ಹಳೆಯವರು ಬಿಟ್ಟ ತಾರೀಖು ಹಾಕದೆ ಸತಾಯಿಸಿದರೆ, ಕೊನೆಯ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು.

ಇನ್ನೊಂದು ಗೊಂದಲ ಇತ್ತು. ಬಿ.ಕಾಂ. ಒರಿಜಿನಲ್ ಮಾರ್ಕ್ಸ್ ಕಾರ್ಡ್‌ಗಳು ಓನರ್ ಬೀರುವಿನಲ್ಲಿದ್ದವು. ಸೇರುವಾಗ ಇಸ್ಕೊಂಡಿದ್ದರಂತೆ. ರಾಜೀನಾಮೆ ಕೊಟ್ಟ ಮೇಲೆ ಕೇಳಿದರೆ ಆಟ ಆಡಿಸುತ್ತಾರೆ. ಮೊದಲೇ ಕೇಳಿ ಇಸ್ಕೊಳ್ಳಬೇಕು. ಕೇಳುವುದು ಹೇಗೆ ಎಂದು ನನ್ನ ರೂಮಿನಲ್ಲಿ ಅಭ್ಯಾಸ ಮಾಡಿದೆವು. ನಾನು ಓನರ್. ದನಿ ಏರಿಸಿ, ಮೇಜು ಕುಟ್ಟಿ ಗದರಿದೆ. ಸುಮಾಗೆ ನಗು ಬಂತು. "ಅವರು ಹಾಗೆ ಬೈಯಲ್ಲ ಮೇಡಂ. ಮೊದಲು ನಗ್ತಾರೆ. ಕನ್ನಡಕ ತೆಗೆದು ಒರೆಸ್ತಾರೆ. ಆಮೇಲೆ ಶುರು." ಎರಡನೇ ಸಲ ನಾನು ನಕ್ಕು, ಕನ್ನಡಕ ತೆಗೆದು, ಸೀರೆ ಸೆರಗಿನಲ್ಲಿ ಒರೆಸಿದೆ. ಅವರ ಮುಖದ ಬಣ್ಣವೇ ಇಳಿದುಹೋಯಿತು. ಕೈ ಮಡಿಲಿಗೆ ಹೋಯಿತು. ನೀರು ಕುಡಿಸಿ ನಿಲ್ಲಿಸಿದೆ. ಬೈಗುಳಕ್ಕಿಂತ ಆ ಕನ್ನಡಕ ಒರೆಸುವ ಗಳಿಗೆಯೇ ಅವರನ್ನು ತಿನ್ನುತ್ತಿತ್ತು ಎಂದು ನಮಗಿಬ್ಬರಿಗೂ ಆಗಲೇ ಗೊತ್ತಾಗಿದ್ದು. ಒಂದೇ ವಾಕ್ಯ ಗಟ್ಟಿ ಮಾಡಿಸಿದೆ: "ಸರ್, ನನ್ನ ಮಾರ್ಕ್ಸ್ ಕಾರ್ಡ್ ನನ್ನ ಹತ್ರ ಇಟ್ಕೋಬೇಕು, ಇವತ್ತು ಕೊಡಿ." ಕಾರಣ ಕೊಡಬೇಡಿ. ಕಾರಣ ಕೊಟ್ಟರೆ ಅದರ ಮೇಲೆ ವಾದ ಶುರುವಾಗುತ್ತದೆ. ಮೂರನೇ ಸಲ ಕೇಳಿದಾಗ ಸಿಕ್ಕಿತು.

ಏಪ್ರಿಲ್‌ನಲ್ಲಿ ರಾಜಾಜಿನಗರದ ಒಬ್ಬ ಔಷಧಿ ವಿತರಕರ ಆಫೀಸಿನಿಂದ ಕರೆ ಬಂತು. ಸಂಬಳ 27,000ದಿಂದ 32,000. ಅವರು ಹಾರಿಹೋಗುವ ಉತ್ಸಾಹದಲ್ಲಿದ್ದರು. ನಾನು ಸ್ವಲ್ಪ ತಣ್ಣೀರು ಎರಚಿದೆ. ಮೊದಲಿದ್ದ ಅಕೌಂಟೆಂಟ್ ಯಾಕೆ ಬಿಟ್ಟರು ಕೇಳಿ. ಬೇರೆಯವರು ಎಷ್ಟು ವರ್ಷದಿಂದ ಇದ್ದಾರೆ ಕೇಳಿ. ಒಂದು ದಿನ ಸಂಜೆ ಏಳಕ್ಕೆ ಆ ಆಫೀಸಿನ ಮುಂದೆ ಸುಮ್ನೆ ಹಾದುಹೋಗಿ, ದೀಪ ಉರಿಯುತ್ತಿದೆಯಾ ನೋಡಿ. ಸುಮಾ ಅತ್ತೆಯನ್ನೂ ಕರೆದುಕೊಂಡು 20ನೇ ತಾರೀಖೇ ಹೋಗಿ ನೋಡಿ ಬಂದರು. ಬಾಗಿಲು ಹಾಕಿತ್ತು.

ಮೇ 6ಕ್ಕೆ ರಾಜೀನಾಮೆ, ಒಂದು ತಿಂಗಳ ನೋಟಿಸ್. ಪತ್ರದಲ್ಲಿ ಎರಡೇ ಸಾಲು, ದೂರು ಇಲ್ಲ. ಈಮೇಲ್ ಮಾಡಿ ಅದರ ಪ್ರತಿ ತಮ್ಮ ಸ್ವಂತ ಈಮೇಲ್‌ಗೂ ಹಾಕಿಕೊಂಡರು. ಮೊದಲ ದಿನ "ನಿನ್ನಂಥವರು ಬೀದಿಗೆ ಹತ್ತು ಜನ ಸಿಗ್ತಾರೆ" ಎಂದ ಓನರ್, ಮೂರನೇ ದಿನ 6,000 ಜಾಸ್ತಿ ಮಾಡುತ್ತೇನೆ ಎಂದರು. ಇದು ಮಾಮೂಲು. ಸುಮಾ ಅವತ್ತು ರಾತ್ರಿ ಫೋನ್ ಮಾಡಿದರು, ದನಿಯಲ್ಲಿ ಅಲುಗಾಟ. ನಾನು ಕೇಳಿದ್ದು ಒಂದೇ. "ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಲ್ಲ ಅಂತ ಏನಾದ್ರೂ ಅಂದ್ರಾ?" ಅಂದಿರಲಿಲ್ಲ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು ಎಂದು ಅವರ ಮನೆಯವರೆಲ್ಲ ಅಂದುಕೊಂಡರು. ಹೊಸ ಕೆಲಸಕ್ಕೆ ಸೇರಿ ಮೂರು ವಾರಕ್ಕೆ ಸುಮಾ ಮತ್ತೆ ಬಂದರು. ಹೊಸ ಮ್ಯಾನೇಜರ್ "ಸುಮಾ, ಒಂದ್ನಿಮಿಷ ಬರ್ತೀರಾ" ಎಂದಿದ್ದಕ್ಕೆ ಕೈ ನಡುಗಿ ಕಾಫಿ ಫೈಲಿನ ಮೇಲೆ ಚೆಲ್ಲಿತ್ತು. ವಿಷಯ ಒಂದು ಬಿಲ್ಲಿನಲ್ಲಿ ಎಚ್‌ಎಸ್‌ಎನ್ ಕೋಡ್, ಅಂದರೆ ಸರಕು ಯಾವ ಬಗೆಯದು ಎಂದು ತಿಳಿಸುವ ನಂಬರ್, ತಪ್ಪಾಗಿದ್ದು. "ನಾಳೆ ಸರಿಮಾಡಿದ್ರೂ ಆಯ್ತು" ಎಂದರಂತೆ. ಸುಮಾ ನಂಬಲಿಲ್ಲ. ಒಂಬತ್ತು ಗಂಟೆವರೆಗೆ ಕೂತು ಇಡೀ ತಿಂಗಳ ಬಿಲ್ ತಿರುವಿಹಾಕಿದರು. ಸೆಕ್ಯುರಿಟಿಯವರು ಬಂದು ಮನೆಗೆ ಹೋಗಮ್ಮ ಎಂದ ಮೇಲೆ ಎದ್ದರು.

"ಅಷ್ಟು ಒಳ್ಳೆ ಜಾಗ ಮೇಡಂ. ನಂಗೇ ಏನೋ ಆಗಿದೆ."

ಏನೂ ಆಗಿಲ್ಲ. ಐದು ವರ್ಷ ಕಲಿತ ಪಾಠವನ್ನು ಮೈ ಮೂರು ವಾರಕ್ಕೆ ಮರೆಯುತ್ತದಾ? ಕೆಲಸ ಬದಲಾಯಿಸಿದವರಲ್ಲಿ ಇದನ್ನು ತುಂಬ ನೋಡಿದ್ದೇನೆ. ಇದೇ ಹೊತ್ತಿನಲ್ಲಿ ಕೆಲವರು "ಎಲ್ಲಾ ಕಡೆ ಇದೇ ಗೋಳು" ಎಂದು ಎರಡನೇ ಕೆಲಸವನ್ನೂ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಯಾರೂ ಕೇಳದಿದ್ದರೂ ಮೈಮುರಿದು ದುಡಿದು, ಹೊಸ ಬಾಸ್‌ಗೂ ಅದೇ ರೂಢಿ ಮಾಡಿಸುತ್ತಾರೆ. ಮತ್ತೆ ಲೆಡ್ಜರಿಗೇ ಹೋದೆವು. ಮ್ಯಾನೇಜರ್ ಕರೆದಾಗಲೆಲ್ಲ ಒಂದು ಕಡೆ "ಏನಾಗುತ್ತೆ ಅಂದುಕೊಂಡೆ", ಇನ್ನೊಂದು ಕಡೆ "ಏನಾಯಿತು". ಕರೆದ ತಕ್ಷಣ ಓಡಬೇಡಿ, ಎರಡೂ ಪಾದ ನೆಲಕ್ಕೆ ಊರಿ, ಒಂದು ಸಲ ಉದ್ದಕ್ಕೆ ಉಸಿರು ಬಿಟ್ಟು ಏಳಿ ಎಂದೆ. ಆರು ಗಂಟೆಗೆ ಮ್ಯಾನೇಜರ್ ಬ್ಯಾಗ್ ತೆಗೆದುಕೊಂಡರೆ ನೀವೂ ತೆಗೆದುಕೊಳ್ಳಿ, ಕೆಲಸ ಉಳಿದಿದ್ದರೂ. ಈ ಕೊನೆಯದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಎರಡು ತಿಂಗಳಲ್ಲಿ 31 ಸಾಲು ತುಂಬಿತ್ತು. ಒಂದರಲ್ಲಿ ಮಾತ್ರ ಮ್ಯಾನೇಜರ್ ನಿಜಕ್ಕೂ ರೇಗಿದ್ದರು. ಅದು ಸುಮಾದೇ ತಪ್ಪು, ಮಾರನೇ ದಿನ ಅವರೂ ಮರೆತಿದ್ದರು. ಹೊಟ್ಟೆನೋವು ಆಗಸ್ಟ್ 20ಕ್ಕೆ ಬಂದಿತ್ತು, ಸೆಪ್ಟೆಂಬರ್‌ನಲ್ಲಿ ಬರಲಿಲ್ಲ, ಅಕ್ಟೋಬರ್‌ನಲ್ಲಿ ಮತ್ತೆ ಸ್ವಲ್ಪ ಇತ್ತು. ಗ್ರಾಚ್ಯುಟಿ ದುಡ್ಡು ಕೂಡ ಎರಡು ಪತ್ರ ಬರೆದ ಮೇಲೆ ಬಂತು.

ನವೆಂಬರ್‌ನಲ್ಲಿ ಒಂದು ಫೋನ್. ಹಳೆಯ ಓನರ್ ಮಗಳ ಮದುವೆ. ಕರೆಯೋಲೆ ಹಿಡಿದು ದಂಪತಿ ಸಮೇತ ಮನೆಗೇ ಬಂದಿದ್ದರಂತೆ. ಅರಿಶಿನ ಕುಂಕುಮ ಕೊಟ್ಟು, "ಬರಲೇಬೇಕಮ್ಮ, ನಮ್ಮನೆ ಹುಡುಗಿ ನೀನು" ಎಂದು ಹೋಗಿದ್ದರು.

"ಹೋಗ್ಲಾ ಮೇಡಂ?"

"ನಿಮ್ಮತ್ತೆ ಏನಂತಾರೆ?"

"ಹೋಗು ಅಂತಾರೆ. ಅವರೂ ಬರ್ತಾರಂತೆ, ಆ ಮನುಷ್ಯನ್ನ ಇನ್ನೊಂದ್ಸಲ ಸರಿಯಾಗಿ ನೋಡ್ಬೇಕಂತೆ. ಅದಲ್ಲ ಮೇಡಂ, ಮುಯ್ಯಿ ಎಷ್ಟು ಹಾಕೋದು?"

ಅದು ನನಗೂ ಗೊತ್ತಿರಲಿಲ್ಲ. ಆ ಹಾಳೆ ನಿಮ್ಮ ಹತ್ರಾನೇ ಇದೆಯಲ್ಲ, ತೆಗೆದು ನೋಡಿ ಎಂದೆ.