ಅಳೆದದ್ದೇನು, ಬರೆದದ್ದೇನು?

ನಮಸ್ಕಾರ.

‘ಆರೋಗ್ಯವಂತರ ಹೊಟ್ಟೆಯೊಳಗಿನ ಎರಡನೇ ಮಿದುಳು’ ಎಂದು ಕರುಳಿನ ನರಜಾಲದ ಬಗ್ಗೆ ನೀವು ಬರೆದ ಲೇಖನ ತಲುಪಿತು. ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಒಳ್ಳೆಯದು, ನಿಮ್ಮ ಗದ್ಯಕ್ಕೆ ಓಟವಿದೆ, ಮತ್ತೆ ಬರೆದು ಕಳಿಸಿದರೆ ಖಂಡಿತ ಓದುತ್ತೇವೆ. ಹಾಗಾಗಿ ತೊಡಕು ಎಲ್ಲಿದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ.

ಕರುಳಿನ ನರಗಳು ಹೀಗೆ ಮಾಡುತ್ತವೆ, ಹಾಗೆ ಮಾಡುತ್ತವೆ ಎಂದು ಆರು ಪುಟ ಬರೆದಿದ್ದೀರಿ. ಅದು ಯಾರಿಗೆ, ಹೇಗೆ ಗೊತ್ತಾಯಿತು ಎಂಬ ಮಾತು ಒಂದು ಸಾಲಿನಲ್ಲೂ ಇಲ್ಲ. ಈ ವಿಷಯದ ಜೀವ ಇರುವುದೇ ಅಲ್ಲಿ. ಆರೋಗ್ಯವಾಗಿ ಓಡಾಡಿಕೊಂಡಿರುವ ಮನುಷ್ಯನ ಕರುಳಿನ ನರಕೋಶದ ಮಿಡಿತವನ್ನು ನೇರವಾಗಿ ಅಳೆಯುವ ಪರೀಕ್ಷೆ ಬಳಕೆಯಲ್ಲಿಲ್ಲ. ಅಳೆಯುವುದು ಒತ್ತಡವನ್ನು, ಚಲನೆಯನ್ನು, ಆಹಾರ ಸಾಗಲು ಹಿಡಿದ ಹೊತ್ತನ್ನು, ‘ಈಗ ನೋಯುತ್ತಿದೆ’ ಎಂಬ ಮಾತನ್ನು. ನರದ ಕೆಲಸವನ್ನು ಇವುಗಳಿಂದ ಊಹಿಸಬೇಕು. ಆ ಊಹೆ ಎಲ್ಲಿ ಗಟ್ಟಿ, ಎಲ್ಲಿ ತೆಳು ಎಂಬುದನ್ನು ಓದುಗರಿಗೆ ತೋರಿಸುವವರೇ ಇಲ್ಲಿ ನಿಜವಾದ ಲೇಖಕರು.

ಎರಡನೇ ಪುಟದಲ್ಲಿ ‘ಆರೋಗ್ಯವಂತರಿಂದ ಎಂಡೋಸ್ಕೋಪ್ ಮೂಲಕ ಕರುಳಿನ ಚೂರು ತೆಗೆದು ಎರಡೂ ನರಜಾಲಗಳನ್ನು ಪರೀಕ್ಷಿಸುತ್ತಾರೆ’ ಎಂದಿದ್ದೀರಿ. ಇದು ಆಗದ ಮಾತು. ಕರುಳಿನ ಗೋಡೆಯನ್ನು ಒಳಗಿನಿಂದ ಹೊರಕ್ಕೆ ನೋಡುತ್ತ ಹೋಗಿ. ಮೊದಲು ಲೋಳೆಪೊರೆ, ಅದರಡಿ ಸಡಿಲವಾದ ಒಂದು ಪದರ, ಆಮೇಲೆ ಬಳೆಯಂತೆ ಸುತ್ತುವ ಸ್ನಾಯು, ಕೊನೆಗೆ ಉದ್ದಕ್ಕೆ ಹಾಯುವ ಸ್ನಾಯು. ಅಂಗರಚನಾ ವಿಜ್ಞಾನಿ ಮೈಸ್ನರ್ 1857ರಲ್ಲಿ ವಿವರಿಸಿದ ಜಾಲ ಆ ಸಡಿಲ ಪದರದಲ್ಲಿದೆ. ಔರ್‌ಬಾಖ್ 1860ರ ದಶಕದಲ್ಲಿ ವಿವರಿಸಿದ ಜಾಲ ಎರಡು ಸ್ನಾಯುಗಳ ನಡುವೆ ಅಡಗಿದೆ. ಕರುಳಿನ ಚಲನೆಯನ್ನು ಮುಖ್ಯವಾಗಿ ನಡೆಸುವುದು ಅದೇ. ಮಾಮೂಲಿ ಬಯಾಪ್ಸಿ ಇಕ್ಕಳ ಕೀಳುವುದು ಲೋಳೆಪೊರೆಯನ್ನು. ದೊಡ್ಡ ಬಾಯಿಯ ಇಕ್ಕಳವಾದರೆ ಮೈಸ್ನರ್ ಜಾಲದ ಕೆಲವು ಗಂಟುಗಳು ಸಿಗಬಹುದು. ಅಂಥ ಚೂರಿಗೆ ವೋಲ್ಟೇಜ್ ಬದಲಾದಂತೆ ಬೆಳಕು ಬದಲಿಸುವ ಬಣ್ಣ ಹಾಕಿ ನರಕೋಶಗಳ ಮಿಡಿತವನ್ನು ಕ್ಯಾಮೆರಾದಲ್ಲಿ ಹಿಡಿದಿದ್ದಾರೆ. ಔರ್‌ಬಾಖ್ ಜಾಲ ಬೇಕೆಂದರೆ ಗೋಡೆಯ ಪೂರ್ತಿ ದಪ್ಪ ಬೇಕು, ಅಂದರೆ ಶಸ್ತ್ರಕ್ರಿಯೆ ಬೇಕು. ಆದ್ದರಿಂದ ‘ಸಹಜ’ ಎಂದು ಕರೆಯುವ ಮಾದರಿಗಳು ಹೆಚ್ಚಾಗಿ ಕ್ಯಾನ್ಸರ್ ಮುಂತಾದ ಕಾರಣಕ್ಕೆ ಕತ್ತರಿಸಿ ತೆಗೆದ ಕರುಳಿನ ಅಂಚಿನಿಂದ ಬರುತ್ತವೆ. ಆ ಅಂಚು ಸೂಕ್ಷ್ಮದರ್ಶಕದಲ್ಲಿ ಎಷ್ಟೇ ಚೆನ್ನಾಗಿ ಕಂಡರೂ ಅದು ರೋಗಿಯ ಕರುಳು. ಇದನ್ನು ಬಿಟ್ಟು ‘ಆರೋಗ್ಯವಂತರಲ್ಲಿ’ ಎಂದು ಬರೆದರೆ ಓದುಗರಿಗೆ ತಪ್ಪು ಹೇಳಿದಂತೆ.

ಸಂದೇಶ ಒಯ್ಯುವ ರಾಸಾಯನಿಕವಾದ ಸೆರೊಟೋನಿನ್ ಬಗ್ಗೆ ಬರೆದ ಪ್ಯಾರಾ ತೆಗೆದುಹಾಕಿ. ದೇಹದ ಸೆರೊಟೋನಿನ್‌ನಲ್ಲಿ ಶೇ 90ಕ್ಕೂ ಹೆಚ್ಚು ಕರುಳಿನಲ್ಲಿದೆ ಎಂಬುದು ಸರಿ. ಆದರೆ ಅದರ ಬಹುಪಾಲು ಇರುವುದು ನರಕೋಶಗಳಲ್ಲಲ್ಲ, ಲೋಳೆಪೊರೆಯ ಎಂಟೆರೊಕ್ರೊಮಾಫಿನ್ ಎಂಬ, ಹಾರ್ಮೋನು ಸ್ರವಿಸುವ ಕೋಶಗಳಲ್ಲಿ. ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ಅದು ದಾಟುವುದಿಲ್ಲ. ‘ಆದ್ದರಿಂದ ನಮ್ಮ ಸಂತೋಷ ಹುಟ್ಟುವುದು ಹೊಟ್ಟೆಯಲ್ಲಿ’ ಎಂಬ ನಿಮ್ಮ ತೀರ್ಮಾನಕ್ಕೆ ಕಾಲೂರಲು ನೆಲವೇ ಇಲ್ಲ.

ಹೃದಯ ಬಡಿತಗಳ ನಡುವಿನ ಅಂತರದ ಏರಿಳಿತವನ್ನು ಅಳೆದು ‘ಕರುಳಿನ ವೇಗಸ್ ನರದ ಬಲ’ ತಿಳಿಯಬಹುದು ಎಂದೂ ಬರೆದಿದ್ದೀರಿ. ವೇಗಸ್ ಎಂದರೆ ಮಿದುಳಿನಿಂದ ಹೃದಯಕ್ಕೂ ಹೊಟ್ಟೆಗೂ ಹಾಯುವ ಉದ್ದನೆಯ ನರ. ಆ ಅಳತೆ ಹೇಳುವುದು ಹೃದಯಕ್ಕೆ ಹೋಗುವ ವೇಗಸ್ ಎಳೆಗಳ ಕಥೆ. ಹೊಟ್ಟೆಯ ಕಡೆಗಿನ ಎಳೆಗಳನ್ನು ಪರೀಕ್ಷಿಸಲು ಬೇರೆ ದಾರಿಯಿದೆ: ಆಹಾರವನ್ನು ಅಗಿದು, ನುಂಗದೆ ಉಗುಳಿಸಿ, ನಿಗದಿತ ಅಂತರದಲ್ಲಿ ರಕ್ತ ತೆಗೆದು ವೇಗಸ್‌ನ ಸಂದೇಶಕ್ಕೆ ಮೇದೋಜೀರಕ ಗ್ರಂಥಿ ಬಿಡುವ ಹಾರ್ಮೋನು ಪ್ಯಾಂಕ್ರಿಯಾಟಿಕ್ ಪಾಲಿಪೆಪ್ಟೈಡ್ ಏರಿತೇ ಎಂದು ನೋಡುವುದು. ಒಂದೆರಡು ತುತ್ತು ಒಳಗೆ ಜಾರಿದರೂ ಫಲಿತಾಂಶ ಕೆಡುತ್ತದೆ, ಏಕೆಂದರೆ ಜಠರಕ್ಕೆ ಬಿದ್ದ ಆಹಾರವೂ ಆ ಹಾರ್ಮೋನನ್ನು ಏರಿಸುತ್ತದೆ. ಇಂಥ ವಿವರ ನಿಮ್ಮ ಲೇಖನದಲ್ಲಿ ಒಂದಾದರೂ ಇದ್ದಿದ್ದರೆ!

ಹೊಟ್ಟೆಯ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಪಡೆಯುವ ದಾಖಲೆಯನ್ನು ‘ನರಗಳ ವಿದ್ಯುತ್’ ಎಂದು ಕರೆದದ್ದೂ ತಪ್ಪು. ಜಠರದಲ್ಲಿ ನಿಮಿಷಕ್ಕೆ ಸುಮಾರು 3 ಸಲ ಏಳುವ ಆ ನಿಧಾನ ಅಲೆಗಳನ್ನು ಹುಟ್ಟಿಸುವುದು ಸ್ನಾಯುಗಳ ನಡುವೆ ಇದ್ದು ತಾಳ ಹಾಕುವ ಕಹಾಲ್ ಕೋಶಗಳು, ಅವು ನರಕೋಶಗಳಲ್ಲ. ನರಗಳು ಆ ತಾಳದ ಮೇಲೆ ಸ್ನಾಯು ಯಾವಾಗ, ಎಷ್ಟು ಬಿಗಿಯಬೇಕು ಎಂಬುದನ್ನು ತಿದ್ದುತ್ತವೆ.

ಬಲೂನು ಪರೀಕ್ಷೆಯನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ನಮ್ಮ ಕೇಳಿಕೆ: ಲೇಖನವನ್ನು ಅಲ್ಲಿಂದಲೇ ಶುರುಮಾಡಿ. ಬ್ಯಾರೊಸ್ಟಾಟ್ ಎಂಬ ಯಂತ್ರ ಗುದನಾಳದಲ್ಲಿಟ್ಟ ತೆಳು ಪಾಲಿಥಿನ್ ಚೀಲಕ್ಕೆ ಗಾಳಿ ತುಂಬುತ್ತ, ಒತ್ತಡವನ್ನು ಒಂದೇ ಮಟ್ಟದಲ್ಲಿ ಹಿಡಿದು, ಹಿಡಿಸಿದ ಗಾಳಿಯ ಪ್ರಮಾಣವನ್ನು ದಾಖಲಿಸುತ್ತದೆ. ರಬ್ಬರ್ ಬಲೂನು ಯಾಕೆ ಬೇಡ? ರಬ್ಬರಿಗೆ ತನ್ನದೇ ಬಿಗುವಿದೆ, ಅದು ಕರುಳಿನ ಬಿಗುವಿನ ಜೊತೆ ಕೂಡಿಕೊಳ್ಳುತ್ತದೆ. ಪಾಲಿಥಿನ್ ಚೀಲ ತನ್ನ ಪೂರ್ತಿ ಗಾತ್ರ ತುಂಬುವವರೆಗೆ ಎದುರೊತ್ತುವುದಿಲ್ಲ. ಮೊದಲು ಹೊಟ್ಟೆಯ ಒಳಗಿನ ಒತ್ತಡವನ್ನು ಮೀರಲು ಎಷ್ಟು ಬೇಕೆಂದು ಕಂಡುಕೊಂಡು, ಅದಕ್ಕಿಂತ 2 ಮಿಮೀ ಪಾದರಸದಷ್ಟು ಮೇಲಿಂದ ಕೆಲಸ ಆರಂಭಿಸುತ್ತಾರೆ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ, ಉದಾಹರಣೆಗೆ ನಿಮಿಷಕ್ಕೊಮ್ಮೆ 4 ಮಿಮೀ, ಏರಿಸುತ್ತ ಮೊದಲ ಅರಿವು, ಅವಸರ, ನೋವು ಯಾವಾಗ ಎಂದು ಕೇಳುತ್ತಾರೆ.

ಇಲ್ಲೊಂದು ಸೂಕ್ಷ್ಮವಿದೆ. ಒತ್ತಡ ಏರುತ್ತಲೇ ಹೋಗುತ್ತದೆ ಎಂದು ಗೊತ್ತಾದ ಮನುಷ್ಯ ನೋವು ಬರುವ ಮೊದಲೇ ‘ಸಾಕು’ ಎನ್ನುತ್ತಾನೆ. ದಾಖಲಾದದ್ದು ಕರುಳಿನ ಸಂವೇದನೆಯೋ, ಭಯವೋ? ಅದಕ್ಕೇ ಒತ್ತಡಗಳನ್ನು ಕ್ರಮ ತಪ್ಪಿಸಿ ಕೊಡುವ ವಿಧಾನ ಬಂತು. ‘ಕರುಳು ನೋವನ್ನು ತಿಳಿಯುತ್ತದೆ’ ಎಂಬ ನಿಮ್ಮ ವಾಕ್ಯದಲ್ಲಿ ಕರುಳಿನ ನರ, ಬೆನ್ನುಹುರಿ, ಮಿದುಳು, ನಾಲಿಗೆ ನಾಲ್ಕೂ ಒಂದೇ ಆಗಿಬಿಟ್ಟಿವೆ.

‘ಆರೋಗ್ಯವಂತ’ ಪದಕ್ಕೂ ಅರ್ಥ ಕೊಡಿ. ಕಾಯಿಲೆ ಇಲ್ಲ ಎಂದು ಹೇಳಿದವರೆಲ್ಲ ಈ ಅಧ್ಯಯನಗಳಿಗೆ ಒಗ್ಗುವುದಿಲ್ಲ. ಮಲಬದ್ಧತೆ, ಹೊಟ್ಟೆಯುಬ್ಬರದಂಥ ಲಕ್ಷಣಗಳು, ಹೊಟ್ಟೆಯ ಹಳೆಯ ಶಸ್ತ್ರಕ್ರಿಯೆ, ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ, ಓಪಿಯಾಯ್ಡ್ (ಅಫೀಮಿನ ಬಗೆಯ) ನೋವುಮಾತ್ರೆ ಎಲ್ಲವನ್ನೂ ಕೇಳಬೇಕು. ಚಲನೆಯನ್ನು ಬದಲಿಸುವ ಔಷಧಗಳನ್ನು ಸಾಮಾನ್ಯವಾಗಿ 2-3 ದಿನ ಮೊದಲೇ, ವೈದ್ಯರನ್ನು ಕೇಳಿ, ನಿಲ್ಲಿಸಲು ಹೇಳುತ್ತಾರೆ. ರಾತ್ರಿಯಿಡೀ ಉಪವಾಸ ಬೇಕು. ಖಾಲಿ ಹೊಟ್ಟೆಯಲ್ಲಿ ಸುಮಾರು 90ರಿಂದ 120 ನಿಮಿಷಕ್ಕೊಮ್ಮೆ ಜೋರಾದ ಸಂಕೋಚನಗಳ ಅಲೆಯೊಂದು ಸಣ್ಣ ಕರುಳನ್ನು ಗುಡಿಸುತ್ತ ಹೋಗುತ್ತದೆ. ಊಟ ಬಿದ್ದ ಕೂಡಲೇ ಆ ಚಕ್ರ ಮುರಿಯುತ್ತದೆ. ಬರೀ ಅರ್ಧ ಗಂಟೆ ದಾಖಲಿಸಿ ಅಲೆ ಕಾಣಲಿಲ್ಲ ಎಂದರೆ ಅದು ನರದ ದೋಷವಲ್ಲ, ಕಾಯದೆ ಎದ್ದುಹೋದವರ ದೋಷ.

ಚರಿತ್ರೆಯ ಭಾಗ ಚೆನ್ನಾಗಿದೆ, ಉಳಿಸಿಕೊಳ್ಳಿ. ಆದರೆ ಶರೀರಕ್ರಿಯಾ ವಿಜ್ಞಾನಿಗಳಾದ ಬೇಲಿಸ್ ಮತ್ತು ಸ್ಟಾರ್ಲಿಂಗ್ 1899ರಲ್ಲಿ, ಹೊರಗಿನ ನರಗಳ ಸಂಪರ್ಕ ಕಡಿದ ಮೇಲೂ ಕರುಳು ಪ್ರಚೋದನೆಯ ಮೇಲ್ಭಾಗದಲ್ಲಿ ಬಿಗಿದು ಕೆಳಭಾಗದಲ್ಲಿ ಸಡಿಲವಾಗುತ್ತದೆ ಎಂದು ತೋರಿಸಿದ್ದು ನಾಯಿಗಳಲ್ಲಿ. ನೀವು ‘ಮನುಷ್ಯರಲ್ಲಿ’ ಎಂದು ಬರೆದಿದ್ದೀರಿ.

ಮರುಬರಹಕ್ಕೆ ಕೂರುವ ಮುನ್ನ ಹಳೆಯ ಪ್ರತಿಯನ್ನು ಮುದ್ರಿಸಿಕೊಳ್ಳಿ. ಪ್ರತಿ ಹೇಳಿಕೆಯ ಪಕ್ಕ, ಅಂಚಿನಲ್ಲಿ, ಪೆನ್ಸಿಲಿನಿಂದ ಎರಡು ಗುರುತು ಹಾಕಿ: ಇದು ಯಾರ ಕರುಳು (ನಾಯಿ, ಗಿನಿಯಿಲಿ, ರೋಗಿ, ಆರೋಗ್ಯವಂತ), ಅಳೆದದ್ದು ಯಾವುದು (ಒತ್ತಡ, ಹೊತ್ತು, ಅಲೆ, ಮಾತು). ಗುರುತು ಹಾಕಲಾಗದ ವಾಕ್ಯವನ್ನು ಹೊಡೆದುಹಾಕಿ. ಉಳಿದದ್ದು ಎರಡೇ ಪುಟವಾದರೂ ಚಿಂತೆಯಿಲ್ಲ. ಹೊಸ ಬರಹದ ಜೊತೆ ಆ ಗುರುತುಗಳಿರುವ ಪ್ರತಿಯನ್ನೂ ಕಳಿಸಿ, ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಓದುತ್ತೇವೆ.

ವಿಶ್ವಾಸದಿಂದ,
ಸಂಪಾದಕ ಬಳಗ