ಓದುಗರ ಪ್ರಶ್ನೆ: ಟ್ರೇಲರ್‌ಗೆ ತಕ್ಕ ಸ್ಥಳ ಯಾವುದು?

ಪ್ರಶ್ನೆ: ನಾವು ಮಡಿಕೇರಿಯ ಪದವಿ ವಿದ್ಯಾರ್ಥಿಗಳು. ಕಾಫಿ ತೋಟ ಮಾರಿ ಬೆಂಗಳೂರಿಗೆ ಹೊರಡುವ ಮೊಮ್ಮಗನೊಬ್ಬನ ಕಿರುಚಿತ್ರ ಮಾಡುತ್ತಿದ್ದೇವೆ. ಟ್ರೇಲರ್‌ಗೆ ಸಾಂಕೇತಿಕ ಸ್ಥಳವಾಗಿ ರಾಜಾಸೀಟಿನ ಸೂರ್ಯಾಸ್ತ ಸಾಕೇ?

ಉತ್ತರ: ರಾಜಾಸೀಟನ್ನು ದಯವಿಟ್ಟು ಕೈಬಿಡಿ. ನೋಟ ಸುಂದರವಾದರೂ ನಿಮ್ಮ ನಾಯಕ ಅಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ಕಥೆಯ ಭಾರವೆಲ್ಲ ಐನ್‌ಮನೆಯಲ್ಲಿದೆ, ಅಂದರೆ ಕೊಡವ ಮನೆತನದ ಪೂರ್ವಿಕರ ಮನೆಯಲ್ಲಿ. ಜಗಲಿಯ ಕಂಬಗಳ ನಡುವೆ ಹಿರಿಯರು ಕೂರುವ ಐಮರದ ಹಲಗೆ ತಲೆಮಾರುಗಳ ಬಳಕೆಯಿಂದ ನುಣುಪಾಗಿರುವುದನ್ನು ಬೆಳಗಿನ ಓರೆ ಬಿಸಿಲಿನಲ್ಲಿ ಹತ್ತಿರದಿಂದ ತೋರಿಸಿ, ಮೊಮ್ಮಗ ಅದರ ಮೇಲೆ ತಾನು ಕೂರದೆ ಬ್ಯಾಗನ್ನಷ್ಟೇ ಇಟ್ಟು ನಿಂತರೆ, ಸಂಭಾಷಣೆಯ ಅಗತ್ಯವೇ ಬೀಳುವುದಿಲ್ಲ. ಒಕ್ಕದ, ಅಂದರೆ ಆ ಮನೆತನದ, ಹಿರಿಯರ ಒಪ್ಪಿಗೆಯನ್ನು ಮೊದಲೇ ಪಡೆಯಿರಿ. ಐನ್‌ಮನೆಯ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯ ತೂಗುದೀಪ ಪೂಜ್ಯವಾದುದರಿಂದ ಅದನ್ನು ಚಿತ್ರೀಕರಣದ ಸಾಮಗ್ರಿಯಂತೆ ಮುಟ್ಟಬಾರದು.

ಇನ್ನೊಂದು ಸ್ಥಳ ಭಾಗಮಂಡಲ. ಕಾವೇರಿ, ಕನ್ನಿಕೆ ಕಣ್ಣೆದುರೇ ಕೂಡುತ್ತವೆ, ಸುಜ್ಯೋತಿ ಗುಪ್ತಗಾಮಿನಿಯೆಂಬುದು ನಂಬಿಕೆ. ತೀರಿಹೋದ ಅಜ್ಜನನ್ನು ತೋರಿಸದೆಯೇ ಸೂಚಿಸಲು ಇದಕ್ಕಿಂತ ತಕ್ಕ ಜಾಗ ನನಗೆ ತೋಚುತ್ತಿಲ್ಲ. ಮಳೆಗಾಲದಲ್ಲಿ ಸಂಗಮ ಉಕ್ಕಿ ಹರಿಯುವುದರಿಂದ ಚಿತ್ರೀಕರಣವನ್ನು ಡಿಸೆಂಬರ್‌ಗೆ ಇಟ್ಟುಕೊಳ್ಳಿ. ಆಗ ಅರೇಬಿಕಾ ಕೊಯ್ಲು ನಡೆದಿರುತ್ತದೆ, ಅವನು ಮಾರಲಿರುವ ತೋಟದ ಹಣ್ಣು ಕಣದಲ್ಲಿ ಒಣಗುತ್ತಿರುವ ದೃಶ್ಯವೂ ನಿಮಗೆ ಸಿಗುತ್ತದೆ.